ಮರದಚ್ಚಿನಲ್ಲಿ ಬರಗಾಲ: ಐರ್ಲೆಂಡ್ ಮತ್ತು ಬಳ್ಳಾರಿ

1972ರ ಬರದಲ್ಲಿ ಮರಾಠವಾಡದ ರೈತರು ಕಲ್ಲೊಡೆಯುವ ಪರಿಹಾರ ಕಾಮಗಾರಿಗಳತ್ತ ಸಾಲುಗಟ್ಟಿ ನಡೆದುದನ್ನು ಕಣ್ಣಾರೆ ಕಂಡ ಹಿರಿಯರು ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ಕನ್ನಡಿಗರಲ್ಲಿ ಇನ್ನೂ ಇದ್ದಾರೆ. ಅವರ ಹಿಂದಿನ ತಲೆಮಾರುಗಳು ಅನುಭವಿಸಿದ ಮಹಾಕ್ಷಾಮ 1876-78ರದು. ಧಾತು, ಈಶ್ವರ ಸಂವತ್ಸರಗಳ ಬರವದು. ಕನ್ನಡನಾಡಿನಲ್ಲಿ ಅದರ ರೂಪ ಹೇಗಿದ್ದಿತೆಂಬುದನ್ನು ತೋರಿಸುವ ಚಿತ್ರಗಳಲ್ಲಿ ಪ್ರಮುಖವಾದವು ಲಂಡನ್ನಿನ ವಾರಪತ್ರಿಕೆಗಳಲ್ಲಿ ಅಚ್ಚಾದವು. ಅವನ್ನು ಸರಿಯಾಗಿ ಓದಬೇಕಾದರೆ ಮೊದಲು ಐರ್ಲೆಂಡಿನ ಕಡೆಗೆ ತಿರುಗಬೇಕಾಗುತ್ತದೆ.

1842ರಲ್ಲಿ ಆರಂಭವಾದ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯು, ಆಲೂಗೆಡ್ಡೆಯ ಬೆಳೆ ಕೊಳೆತು ಐರ್ಲೆಂಡಿನ ಬಡ ರೈತರು ಹಸಿವಿನಿಂದ ಸಾಯತೊಡಗಿದಾಗ, ಕಾರ್ಕ್ ಪಟ್ಟಣದ ಕಲಾವಿದ ಜೇಮ್ಸ್ ಮಹೋನಿಯನ್ನು ಸ್ಕಿಬರೀನ್ ಪ್ರದೇಶಕ್ಕೆ ಕಳುಹಿಸಿತು. 1847ರ ಫೆಬ್ರವರಿಯಲ್ಲಿ ಅವನ ಚಿತ್ರಗಳು ಪ್ರಕಟವಾದವು. ಸತ್ತ ಕೂಸನ್ನು ತೋಳಿನಲ್ಲಿ ಹಿಡಿದು, ಅದರ ಶವಪೆಟ್ಟಿಗೆಗಾಗಿ ಭಿಕ್ಷೆ ಬೇಡುವ ತಾಯಿಯ ಚಿತ್ರ ಅವುಗಳಲ್ಲೊಂದು. 1848ರ ಡಿಸೆಂಬರಿನಲ್ಲಿ ಅದೇ ಪತ್ರಿಕೆ ಗೇಣಿದಾರರನ್ನು ಮನೆಯಿಂದ ಹೊರಹಾಕುವ ದೃಶ್ಯವನ್ನೇ ಅಚ್ಚುಮಾಡಿತು. ಮರುವರ್ಷದ ಡಿಸೆಂಬರಿನಲ್ಲಿ ಕಿಲ್‌ರಶ್ ಭಾಗದ ಬ್ರಿಜೆಟ್ ಓ'ಡೊನೆಲ್ ಎಂಬವಳೂ ಅವಳ ಮಕ್ಕಳೂ ಚಿಂದಿಯುಟ್ಟು ನಿಂತ ಚಿತ್ರ ಬಂದಿತು. ಚಿತ್ರದೊಡನೆ ಅವಳ ಹೇಳಿಕೆಯೂ ಇದ್ದಿತು: ಹಿಡುವಳಿ ಎಷ್ಟು, ವರ್ಷದ ಗೇಣಿ ಎಷ್ಟು, ಬಾಕಿಗಾಗಿ ಹೇಗೆ ಹೊರಗಟ್ಟಿದರು ಎಂಬುದೆಲ್ಲ ಅದರಲ್ಲಿದೆ. ಲೆಕ್ಕಪತ್ರದ ಅಭ್ಯಾಸವುಳ್ಳವರಿಗೆ ಚಿತ್ರಕ್ಕಿಂತಲೂ ಈ ಬಾಕಿಯ ವಿವರವೇ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಈ ಚಿತ್ರಗಳು ತಯಾರಾಗುತ್ತಿದ್ದ ಬಗೆಯನ್ನೂ ತಿಳಿದಿರಬೇಕು. ಕಲಾವಿದನ ರೇಖಾಚಿತ್ರವನ್ನು ಬಾಕ್ಸ್‌ವುಡ್ ಎಂಬ ಗಟ್ಟಿಮರದ ಮೇಲೆ ಬರೆದು, ಆ ಹಲಗೆಯ ತುಂಡುಗಳನ್ನು ಬೇರ್ಪಡಿಸಿ ಹಲವು ಕೆತ್ತನೆಗಾರರಿಗೆ ಹಂಚುತ್ತಿದ್ದರು. ಕೆತ್ತಿ ಮುಗಿದ ಮೇಲೆ ತುಂಡುಗಳನ್ನು ಮತ್ತೆ ಬಿಗಿದು ಅಚ್ಚಿಗೆ ಏರಿಸುತ್ತಿದ್ದರು. ಛಾಯಾಚಿತ್ರವನ್ನು ಅಕ್ಷರಗಳೊಡನೆ ನೇರವಾಗಿ ಮುದ್ರಿಸುವ ಸೌಕರ್ಯ 1877ರಲ್ಲಿ ಪತ್ರಿಕೆಗಳಿಗೆ ಇರಲಿಲ್ಲವಾದುದರಿಂದ, ಕ್ಯಾಮೆರಾದಲ್ಲಿ ಹಿಡಿದ ಮುಖವೂ ಮರಕ್ಕೆ ಇಳಿದೇ ಪತ್ರಿಕೆಗೆ ಬರಬೇಕಿದ್ದಿತು. ಬಳ್ಳಾರಿಯನ್ನೆಂದೂ ಕಾಣದ ಕೈಗಳು ಬಳ್ಳಾರಿಯ ಎಲುಬುಗಳನ್ನು ಕೆತ್ತಿದವು.

1877ರ ಅಕ್ಟೋಬರ್ 20ರ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಸಂಚಿಕೆಯಲ್ಲಿ ಬೆಂಗಳೂರಿನಲ್ಲಿ ಗಂಜಿಗಾಗಿ ಕಾದು ಕುಳಿತ ಜನರ ಚಿತ್ರವಿದೆ. ಅದೇ ತಿಂಗಳು 'ಗ್ರಾಫಿಕ್' ಪತ್ರಿಕೆ ಬಳ್ಳಾರಿ ಜಿಲ್ಲೆಯ ಇಬ್ಬರು ತಬ್ಬಲಿ ಮಕ್ಕಳನ್ನೂ, ಮನುಷ್ಯರೊಡನೆ ಬಡಕಲಾದ ದನಕರುಗಳನ್ನೂ ಚಿತ್ರಿಸಿತು. ಮದ್ರಾಸ್ ಸೈನ್ಯದ ಅಧಿಕಾರಿ ಡಬ್ಲ್ಯೂ. ಡಬ್ಲ್ಯೂ. ಹೂಪರನು ಈ ಕ್ಷಾಮದಲ್ಲಿ ತೆಗೆದ ಛಾಯಾಚಿತ್ರಗಳಲ್ಲಂತೂ ಹಸಿದವರನ್ನು ಗುಂಪುಗೂಡಿಸಿ ಕುಳ್ಳಿರಿಸಿದ ಜೋಡಣೆ ಎದ್ದು ಕಾಣುತ್ತದೆ.

ಬಳ್ಳಾರಿಯ ಆ ಮಕ್ಕಳಿಗೆ ಹೆಸರಿಲ್ಲ. ಹೊಲವೆಷ್ಟು, ಕಂದಾಯವೆಷ್ಟು, ತಂದೆ ತಾಯಿ ಏನಾದರು ಎಂಬುದೂ ಇಲ್ಲ. ಐರಿಷ್ ಚಿತ್ರದಲ್ಲಿ ಗುಡಿಸಲಿನ ಛಾವಣಿ ಕೀಳಿಸುವ ಒಡೆಯನಾದರೂ ಊಹೆಗೆ ನಿಲುಕುತ್ತಾನೆ. ಬಳ್ಳಾರಿಯ ಚಿತ್ರದಲ್ಲಿ ಒಣಗಿದ ಆಕಾಶವೊಂದೇ ಅಪರಾಧಿ. ಇದಕ್ಕೆ ಒಂದು ಕಾರಣ ಭೂಕಂದಾಯದ ಪದ್ಧತಿಯಲ್ಲಿಯೇ ಇದ್ದಿತೆನ್ನಬಹುದು. ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲಗಳಲ್ಲಿ 1800ರಿಂದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೂಢಿಗೆ ತಂದ ರೈತವಾರಿಯಲ್ಲಿ ರೈತನು ಕಂದಾಯವನ್ನು ನೇರವಾಗಿ ಸರ್ಕಾರಕ್ಕೇ ಸಲ್ಲಿಸುತ್ತಿದ್ದನು. ಒಡೆಯನನ್ನು ಬರೆಯಹೊರಟ ಚಿತ್ರಕಾರ ಸರ್ಕಾರವನ್ನೇ ಬರೆಯಬೇಕಾಗುತ್ತಿದ್ದಿತು.

ಇನ್ನು ಸಾಲದ ವಿಷಯ. ನಾಸಿಕಕ್ಕೂ ಸಂಭಾಜಿನಗರಕ್ಕೂ ನೆರೆಯದಾದ ಅಹಮದ್‌ನಗರ ಜಿಲ್ಲೆಯಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, ಹಾಗೂ ಪುಣೆ ಜಿಲ್ಲೆಯಲ್ಲಿ, ಬರಕ್ಕೆ ಮುಂಚೆ 1875ರಲ್ಲಿಯೇ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಮಳೆ ತಪ್ಪುವ ಮೊದಲೇ ರೈತನ ಕೈ ಬರಿದಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿಯಾದರೋ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದು ಸಾಲದೆಂದು ವಾದಿಸಿದನು. ಗಂಜಿಗಾಗಿ ಕಾಯುವವರ ಚಿತ್ರ ನೋಡಿದವನಿಗೆ ಸರ್ಕಾರದ ದಾನ ಕಾಣುತ್ತದೆ. ತೂಕದ ತಕ್ಕಡಿ ಕಾಣುವುದಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷವಿದ್ದುದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು.

ಹೆಸರು ಬರೆದುಕೊಳ್ಳುವ ಕೆಲಸವನ್ನು ಮುಂದೆ ಭಾರತೀಯ ಚಿತ್ರಕಾರನೊಬ್ಬ ಮಾಡಿದನು. 1943ರ ಬಂಗಾಳದ ಕ್ಷಾಮದಲ್ಲಿ ಮಿಡ್ನಾಪುರವನ್ನು ನಡೆದು ನೋಡಿದ ಚಿತ್ತಪ್ರಸಾದ್, ತನ್ನ ಮಸಿಯ ಚಿತ್ರಗಳಲ್ಲಿ ಹಲವಕ್ಕೆ ಆ ವ್ಯಕ್ತಿಯ ಹೆಸರನ್ನೂ ಪಾಡನ್ನೂ ಬರೆದಿಟ್ಟನು. ಆ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಡಿಸಿತು.