ರಾಜ್ಯಪದ್ಧತಿಯೂ ಸಾಂಕ್ರಾಮಿಕ ರೋಗವೂ

ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇರುವುದು ಕೆಲವೇ ಮೈಲಿಗಳ ದಾರಿ. ಭಾಷೆ ಒಂದೇ, ಹೆಣ್ಣು ಕೊಟ್ಟು ತರುವ ಬಾಂಧವ್ಯವೂ ಹಳೆಯದೇ. ಆದರೂ 1956ನೆಯ ಇಸವಿ ನವೆಂಬರ್ 1ರವರೆಗೆ, ಹನೂರನ್ನೊಳಗೊಂಡ ಕೊಳ್ಳೇಗಾಲದ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರಾದರೋ ಮೈಸೂರು ಸೀಮೆಯದಾಗಿತ್ತು. ಪ್ಲೇಗಿನ ಕಾಲದ ಪಾಠವನ್ನು ಹೇಳುತ್ತಿದ್ದಾಗ ನಮ್ಮ ಬಾಲಿಕೆಯೊಬ್ಬಳು, “ರೋಗ ಒಂದೇ ಅಲ್ಲವೇ, ಕಾನೂನು ಎರಡೇಕೆ?” ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಹಿಂದಿನ ವಿದ್ಯಾರ್ಥಿನಿಯರಿಗಾಗಿಯೂ ಪೋಷಕರಿಗಾಗಿಯೂ ಇಲ್ಲಿ ವಿಸ್ತರಿಸಿ ಬರೆದಿದ್ದೇನೆ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷವೇ ಬ್ರಿಟಿಷ್ ಸರ್ಕಾರದವರು ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿದರು. ನಾಲ್ಕೇ ಸೆಕ್ಷನ್ನುಗಳ ಈ ಚಿಕ್ಕ ಕಾನೂನು ಅಧಿಕಾರಿಗಳಿಗೆ ಅಪಾರವಾದ ಅಧಿಕಾರವನ್ನಿತ್ತಿತು; ಸದುದ್ದೇಶದಿಂದ ಮಾಡಿದ ಕಾರ್ಯಕ್ಕಾಗಿ ಅವರ ಮೇಲೆ ದಾವೆ ಹೂಡಕೂಡದೆಂದೂ ವಿಧಿಸಿತು. ಪುಣೆಯಲ್ಲಿ ಸೈನಿಕರು ಮನೆಮನೆಯನ್ನು ಹೊಕ್ಕು ಶೋಧಿಸಿದರು. ಜನರ ಕೋಪವು ಎಷ್ಟಕ್ಕೆ ಮುಟ್ಟಿತೆಂದರೆ, 1897ರ ಜೂನ್ ತಿಂಗಳಲ್ಲಿ ಪ್ಲೇಗಿನ ಅಧಿಕಾರಿಯಾದ ರ‍್ಯಾಂಡನು ಗುಂಡಿಗೆ ಗುರಿಯಾದನು. ಭಯಪಟ್ಟ ಜನರು ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗಕ್ಕೆ ಚಿಕಿತ್ಸೆಯಾದರೂ ಎಲ್ಲಿಯದು?

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಅಲ್ಲಿ ಪೇಟೆಯು ಮೈಸೂರು ಸರ್ಕಾರಕ್ಕೂ ದಂಡು ಬ್ರಿಟಿಷರಿಗೂ ಅಧೀನವಾಗಿದ್ದುವು. ಮೈಸೂರಿನಲ್ಲಿಯೂ ಬಲಾತ್ಕಾರವು ಇಲ್ಲದಿರಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಆ ವರ್ಷವೇ ದೊಂಬಿಯಾಯಿತು. ಆದರೂ ಆ ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು. ಅದಕ್ಕೆ ಶಾಸನ ಮಾಡುವ ಅಧಿಕಾರವು ಆಗ ಇರಲಿಲ್ಲವಾದರೂ, ಪ್ರಜೆಗಳ ಅಹವಾಲು ದಿವಾನರ ಕಿವಿಗೆ ಬೀಳುವ ಒಂದು ದಾರಿಯು ಅದರಿಂದ ತೆರೆದಿತ್ತು. ಪ್ಲೇಗಿನ ತರುವಾಯ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಗಾಳಿಬೆಳಕುಗಳುಳ್ಳ ಹೊಸ ಬಡಾವಣೆಗಳಾಗಿ ತ್ವರೆಯಿಂದ ಬೆಳೆದುವು.

1918ರ ಇನ್‌ಫ್ಲುಯೆಂಜಾ ಮತ್ತೊಂದು ಪಾಠವನ್ನು ಕಲಿಸಿತು. ಯುದ್ಧದಲ್ಲಿ ತೊಡಗಿದ್ದ ದೇಶಗಳು ರೋಗದ ಸುದ್ದಿಯನ್ನು ಅದುಮಿಟ್ಟುವು. ತಟಸ್ಥವಾಗಿದ್ದ ಸ್ಪೇಯಿನ್ ದೇಶದ ಪತ್ರಿಕೆಗಳು ಮಾತ್ರ ನಿಜವನ್ನು ಬರೆದುವು. ಆದಕಾರಣ ಆ ರೋಗಕ್ಕೆ ‘ಸ್ಪ್ಯಾನಿಷ್ ಜ್ವರ’ವೆಂಬ ಹೆಸರು ಬಂದಿತು, ರೋಗವು ಅಲ್ಲಿ ಹುಟ್ಟಿತೆಂದಲ್ಲ! ಭಾರತದಲ್ಲಿ ಅದಕ್ಕೆ ತುತ್ತಾದವರು ಒಂದು ಕೋಟಿಗೂ ಹೆಚ್ಚು ಮಂದಿ.

ಹಾಗಾದರೆ ಪ್ರಜಾಪ್ರಭುತ್ವವೊಂದಿದ್ದರೆ ಸಾಕೇ? ಸಾಲದೆಂದು ಕೋವಿಡ್ ರೋಗವು ತೋರಿಸಿತು. ಚೀಣಾದೇಶದ ವುಹಾನಿನಲ್ಲಿ, ಹೊಸ ರೋಗದ ವಿಷಯವಾಗಿ ಎಚ್ಚರಿಸಿದ ಲೀ ವೆನ್‌ಲಿಯಾಂಗ್ ಎಂಬ ವೈದ್ಯರನ್ನು 2020ರ ಜನವರಿಯಲ್ಲಿ ಪೊಲೀಸರು ಗದರಿಸಿ ಬಾಯಿ ಮುಚ್ಚಿಸಿದರು. ಮರುತಿಂಗಳು ಅವರೇ ಆ ರೋಗದಿಂದ ಮೃತರಾದರು. ಅದೇ ಸರ್ಕಾರವು ಮನಸ್ಸು ಮಾಡಿದಾಗ ಆ ಮಹಾನಗರವನ್ನೇ ಒಂದು ದಿನದಲ್ಲಿ ಮುಚ್ಚಲು ಶಕ್ತವಾಯಿತು. ಇತ್ತ ಅಮೆರಿಕವೂ ನ್ಯೂಜಿಲೆಂಡೂ ಪ್ರಜಾಪ್ರಭುತ್ವಗಳೇ. ಮೊದಲನೆಯದರಲ್ಲಿ ನಾಯಕರ ಪಕ್ಷಜಗಳದ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಎರಡನೆಯದರಲ್ಲಿ ಪ್ರಧಾನಿಯೇ ಜನರೆದುರು ನಿಂತು ಕಾರಣಗಳನ್ನು ವಿವರಿಸುತ್ತಿದ್ದುದರಿಂದ ಜನರು ನಂಬಿ ನಡೆದರು.

ನಮ್ಮ ದೇಶದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಅದೇ 1897ರ ಕಾನೂನನ್ನು ಮತ್ತೆ ಹೊರತೆಗೆಯಲಾಯಿತು. ಕೊಳ್ಳೇಗಾಲ, ಹನೂರು, ಯಳಂದೂರುಗಳು ಈಗ ಒಂದೇ ಚಾಮರಾಜನಗರ ಜಿಲ್ಲೆಯವು. ಆ ವರ್ಷದ ಮೇ ತಿಂಗಳು ಕಳೆಯುವವರೆಗೂ ನಮ್ಮ ಜಿಲ್ಲೆಗೆ ರೋಗವು ಸೋಂಕಲಿಲ್ಲವೆಂದು ನಾವು ಹಿಗ್ಗಿದೆವು. ಮರುವರ್ಷ, 2021ರ ಮೇ 2-3ರಂದು, ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಮೃತರಾದರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಮೊದಲು ಹೇಳಲಾಯಿತು. ಆದರೆ ಮನೆಯವರು ಸುಮ್ಮನಿರಲಿಲ್ಲ, ಪತ್ರಿಕೆಗಳು ಬರೆದುವು, ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯು ವಿಚಾರಿಸಿ ಆಮ್ಲಜನಕದ ಅಭಾವವನ್ನು ಎತ್ತಿ ತೋರಿಸಿತು. ಮೂವರೆಂಬ ಲೆಕ್ಕವು ನಿಲ್ಲಲಿಲ್ಲ.

ಸತ್ತವರು ಮರಳಿ ಬರಲಿಲ್ಲ. ಆ ಮನೆಗಳ ದುಃಖದೆದುರು ನಮ್ಮ ಪದ್ಧತಿಯನ್ನು ಹೊಗಳಿಕೊಳ್ಳುವುದು ಸಮಂಜಸವಲ್ಲ. ಆದರೂ 1897ರಲ್ಲಿ ಕೊಳ್ಳೇಗಾಲದ ತಾಯಿಯೊಬ್ಬಳು ಕೇಳಲಾಗದಿದ್ದ ಪ್ರಶ್ನೆಯನ್ನು 2021ರಲ್ಲಿ ಅವಳ ಮರಿಮಗಳು ಕೇಳಿದಳೆಂಬುದು ಅಲ್ಪವಾದ ಮಾತಲ್ಲ. ಅಂಜಿಕೆಯಿಲ್ಲದೆ ಕೇಳುವ ಜನರು, ಲೆಕ್ಕವನ್ನು ಮರೆಮಾಚದೆ ಹೇಳುವ ಸರ್ಕಾರ—ಇವೆರಡೂ ಕೂಡಿದಲ್ಲಿ ರೋಗವನ್ನು ಮುಂಚಿತವಾಗಿ ತಿಳಿಯಬಹುದು, ತಿಳಿದರೆ ತಡೆಯಬಹುದು.

ಹೆತ್ತವರೇ, ನಿಮ್ಮ ಹೆಣ್ಣುಮಕ್ಕಳು ಮನೆಯಲ್ಲಿ “ಏಕೆ?” ಎಂದು ಕೇಳಿದಾಗ ದಯವಿಟ್ಟು ಗದರಿಸಬೇಡಿರಿ. ಆ ಅಭ್ಯಾಸವು ಮುಂದೆ ಅವರಿಗೂ ಊರಿಗೂ ಬೇಕಾಗುವುದು.