ಬಾಂಡ್ ಕೋಟು, ಸಮುರಾಯಿ ಕತ್ತಿ, ಭೀಮಾ ದಂಡೆಯ ಅಶೋಕ!

ಸ್ಟೈಲ್! ಈ ಒಂದು ಮಾತಿಗೆ ಮರುಳಾಗದ ಹುಡುಗ ಯಾರಾದರೂ ಇದ್ದರೆ ತೋರಿಸಿ ನೋಡೋಣ!

ನಾನು ಶಹಾಪುರ ತಾಲ್ಲೂಕಿನ ವನದುರ್ಗದವ. ಲಂಡನ್ನು, ರೋಮು, ಟೋಕಿಯೋ ಎಲ್ಲಾ ನಮ್ಮ ಕಡೆಗೆ ಬಂದದ್ದು ಟಾಕೀಸಿನ ಪರದೆಯ ಮೇಲೇ. ಹೊಸ ಚಿತ್ರ ಬಂದ ವಾರದಲ್ಲೇ ಕ್ರಾಪು ಬದಲು, ಅಂಗಿಯ ಕಾಲರ್ ಬದಲು, ನಡೆಯುವ ಠೀವಿಯೂ ಬದಲು! ಆದರೆ ನನಗೆ ಇನ್ನೊಂದು ಹುಚ್ಚೂ ಇದೆ. ತೆರೆಯ ಮೇಲೆ ಕಣ್ಣಿಗೆ ಹಿಡಿಸಿದ್ದು ಮೊದಲು ಹುಟ್ಟಿದ್ದು ಎಲ್ಲಿ, ಯಾರ ಕೈಯಲ್ಲಿ ಎಂದು ಬೆನ್ನು ಹತ್ತುವ ಹುಚ್ಚು. ಬನ್ನಿ ಮಿತ್ರರೇ, ಇವತ್ತು ನೀವೂ ನನ್ನ ಜೊತೆ ಹೊರಡಿ.

ಬಾಂಡ್ ಬಂದ ದಾರಿ

1968. ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ತೆರೆಗೆ ಬಂತು. ಪಂಚೆ ಉಟ್ಟ ರೈತ, ಕಿರೀಟ ತೊಟ್ಟ ರಾಜ, ಜಪಮಾಲೆ ಹಿಡಿದ ಭಕ್ತ — ಹೀಗೆ ಕಂಡಿದ್ದ ನಮ್ಮ ಅಣ್ಣಾವ್ರು ಸೂಟು ಹಾಕಿ, ಪಿಸ್ತೂಲು ಹಿಡಿದು ಸಿಐಡಿ 999 ಆಗಿ ನಿಂತುಬಿಟ್ಟರು! ಹಳೆಯ ಪ್ರಿಂಟು ನೋಡುವಾಗ ನನ್ನ ಗೆಳೆಯನೊಬ್ಬ, “ಲೇ, ಅಣ್ಣಾವ್ರು ಹುಟ್ಟಿದ್ದು ಗಾಜನೂರಾಗೋ ಲಂಡನ್ನಾಗೋ?” ಎಂದು ಕೂಗಿದ್ದ.

ಈ ಸೂಟಿನ ಹಿಂದೆ ಇದ್ದದ್ದು 1962ರ ‘ಡಾಕ್ಟರ್ ನೋ’, ಅಂದರೆ ಷಾನ್ ಕಾನರಿಯ ಮೊದಲ ಬಾಂಡ್ ಚಿತ್ರ. ಕಾನರಿ ಎಲ್ಲರಿಗೂ ಗೊತ್ತು. ಆದರೆ ಆ ಚಿತ್ರದ ಸೆಟ್ಟು ಹಾಕಿದಾತ ಕೆನ್ ಆಡಮ್ ಎಷ್ಟು ಮಂದಿಗೆ ಗೊತ್ತು? ಬರ್ಲಿನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಕಲಾ ನಿರ್ದೇಶಕ. ಅವನು ಮಾಡಿದ ಒಂದು ಕೋಣೆ ನೋಡಿ: ಬರಿಯ ಗೋಡೆ, ಓರೆಯಾದ ಚಾವಣಿ, ಅದರಲ್ಲಿ ದುಂಡನೆಯ ಜಾಲರಿ ಕಿಂಡಿ, ಒಂದು ಕುರ್ಚಿ, ಪಂಜರದಲ್ಲಿ ಒಂದು ಜೇಡ. ಅಷ್ಟೇ! ಕಿಂಡಿಯ ನೆರಳು ನೆಲದ ಮೇಲೆ ಬಿದ್ದರೆ ಎದೆ ಝಲ್ಲೆನ್ನುತ್ತದೆ. ಖಳನಾಯಕನ ಮುಖವನ್ನೇ ತೋರಿಸದೆ ಭಯ ಹುಟ್ಟಿಸಿದ್ದು ಒಂದು ಖಾಲಿ ಕೋಣೆ. ಸ್ಟೈಲ್ ಅಂದರೆ ದುಡ್ಡು ಸುರಿಯುವುದಲ್ಲ ಎಂದು ನಾನು ತಿಳಿದದ್ದು ಆ ಕೋಣೆಯಿಂದ.

ಸಾಲ ಹೇಳಿಕೊಂಡ ಕಾರ್ನಾಡರು

ಜಪಾನಿನ ಅಕಿರಾ ಕುರೊಸಾವಾ ಚಿತ್ರರಂಗಕ್ಕೆ ಬರುವ ಮೊದಲು ಚಿತ್ರಕಾರನಾಗಬೇಕೆಂದಿದ್ದವರು. ಮುಂದೆ ‘ಕಾಗೆಮುಷಾ’ (1980), ‘ರಾನ್’ (1985) ತೆಗೆಯುವಾಗಲೂ ದೃಶ್ಯಗಳನ್ನು ಮೊದಲು ಬಣ್ಣದಲ್ಲಿ ಬರೆದುಕೊಂಡವರು. ಅವರ ‘ಯೋಜಿಂಬೋ’ (1961) ಇಟಲಿಯ ಸೆರ್ಜಿಯೋ ಲಿಯೋನೆ ಕಣ್ಣಿಗೆ ಬಿತ್ತು. ಸಮುರಾಯಿ ಹೋಗಿ ಕೌಬಾಯ್ ಬಂದ, ಕತ್ತಿ ಹೋಗಿ ಪಿಸ್ತೂಲು ಬಂತು. ಆಯಿತು ನೋಡಿ, 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’! ಕೇಳದೆ ತೆಗೆದುಕೊಂಡದ್ದಕ್ಕೆ ಜಗಳವಾಗಿ, ಕೊನೆಗೆ ಜಪಾನಿನವರಿಗೆ ಲೆಕ್ಕ ಚುಕ್ತಾ ಮಾಡಬೇಕಾಯಿತು.

ನಮ್ಮ ಗಿರೀಶ ಕಾರ್ನಾಡರೂ ಕುರೊಸಾವಾಗೆ ಮನಸೋತವರೇ. ಆದರೆ ಅವರು ಮುಚ್ಚಿಡಲಿಲ್ಲ. 1978ರ ‘ಒಂದಾನೊಂದು ಕಾಲದಲ್ಲಿ’ ಆ ಗುರುವಿಗೆ ಕಾಣಿಕೆ ಎಂದೇ ಹೇಳಿದರು. ಸಮುರಾಯಿಯ ಜಾಗಕ್ಕೆ ಹೊಯ್ಸಳರ ಕಾಲದ ಕೂಲಿ ಸೈನಿಕ ಬಂದ. ಅವನೇ ಗಂಡುಗಲಿ, ಅವನೇ ನಮ್ಮ ಶಂಕರ್ ನಾಗ್! ಮೊದಲ ಚಿತ್ರದಲ್ಲೇ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ! ಆ ಚಿತ್ರದಲ್ಲಿ ಥಳಥಳ ಜರಿ ಇಲ್ಲ, ತಗಡಿನ ಕಿರೀಟ ಇಲ್ಲ. ಬೆವರಿದ ಮೈ, ಧೂಳು ಹಿಡಿದ ಬಟ್ಟೆ, ಕಬ್ಬಿಣದ ಭಾರ ಇವೆ. ಅದನ್ನು ನೋಡಿ ಊರಿಗೆ ಬಂದವನಿಗೆ ನಮ್ಮ ವನದುರ್ಗದ ಕೋಟೆ ಗೋಡೆ ಬೇರೆಯಾಗೇ ಕಂಡಿತು. ದನ ಮೇಯಿಸುವವರು ನೆರಳಿಗೆ ಕೂರುವ ಗೋಡೆಯಲ್ಲವೇ ಅದು? ಎದುರಿಗೆ ಒಂದು ಕುದುರೆ ನಿಲ್ಲಿಸಿದರೆ ಸಾಕು, ಸೆಟ್ಟೇ ಬೇಡ!

ಕೃಷ್ಣನ ಮುಖ ಯಾರದು?

ಅಲ್ಲಿಂದ ನನ್ನ ಕಣ್ಣು ನಮ್ಮ ಸುತ್ತಲೇ ಹುಡುಕತೊಡಗಿತು. ಪೌರಾಣಿಕ ಚಿತ್ರದ ಕೃಷ್ಣ, ರಾಮ, ಸೀತೆ ಯಾಕೆ ಎಲ್ಲಾ ಕ್ಯಾಲೆಂಡರಿನಂತೆಯೇ ಇರುತ್ತಾರೆ? ಕಾರಣ ಇದೆ. ರಾಜಾ ರವಿವರ್ಮ ಯುರೋಪಿನ ತೈಲವರ್ಣದ ರೀತಿಯಲ್ಲಿ ದೇವರುಗಳನ್ನು ಬರೆದರು; 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಇಟ್ಟು ಆ ಪಟಗಳನ್ನು ಮನೆಮನೆಗೆ ಮುಟ್ಟಿಸಿದರು. ಅದೇ ರವಿವರ್ಮ ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದ ಒಬ್ಬರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದರು. ಅವರೇ ದಾದಾಸಾಹೇಬ್ ಫಾಲ್ಕೆ! ಪಟದ ದೇವರು ಪರದೆಗೆ ಬಂದದ್ದು ಹೀಗೆ.

ಆದರೆ ಅದಕ್ಕೂ ಮೊದಲು ನಮ್ಮ ಪಕ್ಕದ ಸುರಪುರದಲ್ಲಿ ನಾಯಕ ದೊರೆಗಳ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಬೇರೆಯೇ ಕೃಷ್ಣನನ್ನು ಬರೆದಿದ್ದರು. ಸಣ್ಣ ಅಳತೆ, ಕೂದಲೆಳೆಯಂಥ ಗೆರೆ, ಗಟ್ಟಿ ಬಣ್ಣ, ಮೇಲೆ ಚಿನ್ನದ ಹೊಳಪು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸಂಸ್ಥಾನ ಮುಗಿದಾಗ ಆ ಕುಂಚಗಳ ಪೋಷಣೆಯೂ ಮುಗಿಯಿತು. ಮುಂದೆ ಕಲಬುರಗಿಯ ವಿಜಯ ಹಾಗರಗುಂಡಗಿಯಂಥ ಕಲಾವಿದರು ಆ ಶೈಲಿಯನ್ನು ಮತ್ತೆ ಕೈಗೆತ್ತಿಕೊಂಡರು. ಇಂದಿಗೂ ಸುರಪುರದ ಕೃಷ್ಣ ಬೆಳ್ಳಿತೆರೆಗೆ ಅಪರಿಚಿತ!

ಶಾರುಖ್ ಖಾನ್‌ಗೆ ಮೊದಲೇ...

ಕೊನೆಯದು ಕೇಳಿದರೆ ನೀವು ನಿಜಕ್ಕೂ ಹೌಹಾರುತ್ತೀರಿ. 2001ರಲ್ಲಿ ಸಂತೋಷ್ ಶಿವನ್ ‘ಅಶೋಕ’ ತೆಗೆದರು. ಶಾರುಖ್ ಖಾನ್ ಉದ್ದ ಕೂದಲು ಬಿಟ್ಟು, ಖಡ್ಗ ಹಿಡಿದು ಬಂದರು. ಸರಿ, ನಿಜವಾದ ಅಶೋಕ ಹೇಗಿದ್ದ?

ಉತ್ತರ ಇದ್ದದ್ದು ಭೀಮಾ ದಂಡೆಯ ಸನ್ನತಿಯ ಬಳಿ, ಕನಗನಹಳ್ಳಿಯ ಮಣ್ಣಿನಲ್ಲಿ! 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠದಲ್ಲಿ ಅಶೋಕನ ಶಾಸನ ಸಿಕ್ಕಿತು. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಕನಗನಹಳ್ಳಿಯಲ್ಲಿ ಅಗೆದಾಗ ಒಂದು ಬೌದ್ಧ ಸ್ತೂಪವೇ ಹೊರಬಂತು. ಅದರ ಒಂದು ಚಪ್ಪಡಿಯಲ್ಲಿ ರಾಣಿಯೊಡನೆ ನಿಂತ ರಾಜ, ಹಿಂದೆ ಛತ್ರ-ಚಾಮರ ಹಿಡಿದ ಹೆಂಗಸರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು: ‘ರಾಯೋ ಅಸೋಕೋ’. ಹೆಸರು ಕೆತ್ತಿದ ಅಶೋಕನ ಶಿಲ್ಪ ಎಂದು ಇಡೀ ಲೋಕ ತಿರುಗಿ ನೋಡಿತು. ಕಲ್ಲು ಯಾವುದು? ಸುಣ್ಣಕಲ್ಲು. ನಮ್ಮ ಮನೆಯಲ್ಲಿ ಹಾಸುವ ಶಹಾಬಾದ್ ಫರಸಿಯ ಜಾತಿಯದೇ!

ಇನ್ನೊಂದು ಗುಟ್ಟು. ಕೆತ್ತಿದ ಶಿಲ್ಪಿ ಅಶೋಕನನ್ನು ಕಂಡವನಲ್ಲ. ಅವನಿದ್ದದ್ದು ಅಶೋಕ ಸತ್ತು ಇನ್ನೂರು ವರ್ಷ ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ. ಹಾಗಾಗಿ ತನ್ನ ಕಾಲದ ಅರಸರ ಉಡುಗೆಯನ್ನೇ ಅಶೋಕನಿಗೂ ತೊಡಿಸಿದ. ಶಾರುಖ್ ಚಿತ್ರದವರು ಮಾಡಿದ್ದೂ ಅದನ್ನೇ ಅಲ್ಲವೇ! ಅಂದಮೇಲೆ ನಮ್ಮ ನಾಡಿನ ಹಳೆಯ ಕಲಾ ನಿರ್ದೇಶಕರ ಪೈಕಿ ಒಬ್ಬ ಈ ಭೀಮಾ ದಂಡೆಯ ಹೆಸರಿಲ್ಲದ ಕಲ್ಲುಕುಟಿಗ ಎನ್ನಲು ನನಗೆ ಅಡ್ಡಿಯಿಲ್ಲ.

ಗಾಂಧಿನಗರಕ್ಕೆ ಹೊರಟವರಿಗೆ

ಬೋರ್ಡು ಬರೆಯುತ್ತಿದ್ದ ಹುಡುಗರ ಕೈಯಿಂದ ಫ್ಲೆಕ್ಸು ಕುಂಚ ಕಸಿದ ಕಾಲ ಇದು. ಆದರೂ ನಮ್ಮ ಕಡೆ ಚೆನ್ನಾಗಿ ಗೆರೆ ಎಳೆಯುವ ಹುಡುಗರಿದ್ದಾರೆ, ಕಲಾ ವಿಭಾಗದಲ್ಲಿ ಸಹಾಯಕನಾಗಿಯಾದರೂ ಸೇರಬೇಕೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರಿಗೆ ನನ್ನದೊಂದು ಮಾತು. ಕುರೊಸಾವಾ ನೋಡಿ, ಕೆನ್ ಆಡಮ್ ನೋಡಿ, ಕದ್ದದ್ದಾದರೆ ಕಾರ್ನಾಡರಂತೆ ಹೆಸರು ಹೇಳಿ. ಆದರೆ ಬೆಂಗಳೂರಿನ ಬಸ್ಸಿಗೆ ಮೊದಲು ಸುರಪುರಕ್ಕೊಮ್ಮೆ, ಸನ್ನತಿಗೊಮ್ಮೆ ಹೋಗಿ ಬನ್ನಿ. ನೋಟ್‌ಬುಕ್ಕು ತುಂಬ ಪೇಟ, ಓಲೆ, ಸರ, ಛತ್ರ ಬರೆದುಕೊಳ್ಳಿ. ನಾಳೆ ಯಾವನೋ ನಿರ್ದೇಶಕ “ಹಳೇ ಕಾಲದ ಕನ್ನಡ ರಾಜ ಬೇಕಲ್ಲಯ್ಯಾ, ಹೇಗಿರ್ತಾನೆ?” ಎಂದಾಗ, ಉಳಿದವರೆಲ್ಲ ಮುಂಬಯಿಯ ಸೀರಿಯಲ್ಲು ತೋರಿಸುತ್ತಾರೆ. ನೀವು ಆ ನೋಟ್‌ಬುಕ್ಕು ಬಿಚ್ಚಿ ತೋರಿಸಿ!