ಫೋಟೊ ಬೆಂಗಳೂರು ಮುಟ್ಟಲು ಎಷ್ಟು ಹೊತ್ತು?

ಪ್ರಶ್ನೆ: ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಫೋಟೊ ಫೈಬರ್‌ನಲ್ಲಿ ಬೆಂಗಳೂರಿಗೆ ಹೋಗಲು ಎಷ್ಟು ಹೊತ್ತು ಬೇಕು? ದಾರಿ ತೋರಿಸುವವರು ಯಾರು?

ಉತ್ತರ: ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸುಮಾರು 200 ಕಿ.ಮೀ. ದಾರಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು! ಬೆಳಕು ಹರಿಯುವ ತಿರುಳು ಬರೀ 9 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಬೆಳಕೂ ಕಣ್ಣಿಗೆ ಕಾಣದ ಅವಕೆಂಪು.

ಫೋಟೊ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ಪ್ರತಿ ರೂಟರ್ ಅದರ ಮೇಲಿನ ವಿಳಾಸ ಓದಿ ಮುಂದಿನ ಕವಲು ಆರಿಸುತ್ತದೆ. ಒಂದು ಎಳೆ ತುಂಡಾದರೆ ಬೇರೆ ದಾರಿಗೆ ತಿರುಗಿಸುತ್ತದೆ. ಆದರೆ ಹಳ್ಳಿಗೆ ಬರುವ ಕೊನೆಯ ಕೇಬಲ್ ಸಾಮಾನ್ಯವಾಗಿ ಒಂದೇ. ಅದಕ್ಕೆ ಜೆಸಿಬಿ ತಾಗಿದರೆ ಊರಿಗೆ ಊರೇ ಕಡಿದುಹೋಗುತ್ತದೆ. ದಯವಿಟ್ಟು ರಸ್ತೆಬದಿ ಅಗೆಯುವ ಮುನ್ನ ಕೇಬಲ್ ಎಲ್ಲಿದೆಯೆಂದು ಪಂಚಾಯಿತಿಯಲ್ಲಿ ವಿಚಾರಿಸಿ.